ಚುಕ್ಕಿ ಅವೇ, ಗೆರೆ ಬೇರೆ: ಎಲ್ಲಾ ಸಬ್ಜೆಕ್ಟ್‌ನೋರು ಸೇರಿರೋ ಕ್ಲಾಸಿಗೆ ನೆಟ್‌ವರ್ಕ್, ಬಿಗ್ ಡೇಟಾ ಕಲಿಸೋದು ಹೇಗೆ

ಸೋಷಿಯಾಲಜಿ ಪಿಎಚ್‌ಡಿ ಮಾಡ್ತಿರೋರು ಇಬ್ರು, ಬಯಾಲಜಿ ಲೆಕ್ಚರರ್ ಒಬ್ರು, ಬ್ಯಾಂಕ್ ಕೆಲಸ ಮಾಡ್ಕೊಂಡು ಶನಿವಾರ ಬರೋರು ಮೂರು ಜನ, ಕನ್ನಡ ಎಂಎ ಹುಡುಗಿ ಒಬ್ಳು, ಉಳಿದೋರೆಲ್ಲ ಇಂಜಿನಿಯರಿಂಗ್. ನಮ್ಮಲ್ಲಿ ಬರೋ ಬ್ಯಾಚ್ ಸಾಮಾನ್ಯವಾಗಿ ಹೀಗೇ ಇರತ್ತೆ. ನಾನು ಮೊದಲನೇ ಸಲ ಮ್ಯಾಟ್ರಿಕ್ಸ್‌ನಿಂದ ಶುರು ಮಾಡಿದ್ದೆ, ಎರಡನೇ ವಾರಕ್ಕೆ ಇಂಜಿನಿಯರಿಂಗ್ ಹುಡುಗರು ಬಿಟ್ರೆ ಬೇರೆ ಯಾರೂ ಬಾಯೇ ಬಿಡ್ತಿರ್ಲಿಲ್ಲ. ಮುಂದಿನ ಸಲ ಪೈಥಾನ್ ಕೋಡಿಂಗ್‌ನಿಂದ ಶುರು ಮಾಡ್ದೆ, ಲ್ಯಾಪ್‌ಟಾಪ್‌ಗಳಲ್ಲಿ ಅದನ್ನ ಇನ್‌ಸ್ಟಾಲ್ ಮಾಡ್ಸೋದ್ರಲ್ಲೇ ಇಡೀ ಒಂದು ಮಧ್ಯಾಹ್ನ ಹೋಯ್ತು. ಈಗ ಕೆಲವು ವರ್ಷದಿಂದ ರಂಗೋಲಿಯಿಂದ ಶುರು ಮಾಡ್ತೀನಿ, ಇದು ಕೆಲಸ ಮಾಡತ್ತೆ, ಅದಕ್ಕೇ ಬರೀತಿದೀನಿ. ನಿಮ್ಮ ಕಾಲೇಜಲ್ಲೋ ಆಫೀಸಲ್ಲೋ ಇಂಥ ಕ್ಲಾಸ್ ತಗೊಳೋಕೆ ಹೇಳಿದ್ರೆ ಇದನ್ನ ಹಾಗೇ ಎತ್ಕೊಂಡು ಬಳಸಿ.

ಬೋರ್ಡ್ ಮೇಲೆ ಮೂರಕ್ಕೆ ಮೂರು ಚುಕ್ಕಿ ಇಡಿ, ಇಬ್ಬರನ್ನ ಕರೆದು ಬೇರೆ ಬೇರೆ ಕಡೆ ಅದೇ ಒಂಬತ್ತು ಚುಕ್ಕಿಗೆ ಗೆರೆ ಎಳೀರಿ ಅನ್ನಿ. ಇಬ್ಬರ ರಂಗೋಲಿನೂ ಒಂದೇ ಥರ ಬರಲ್ಲ. ಚುಕ್ಕಿ ಅವೇ, ಗೆರೆ ಬೇರೆ, ಅದಕ್ಕೆ ರಂಗೋಲಿನೇ ಬೇರೆ. ನೆಟ್‌ವರ್ಕ್ ಸೈನ್ಸಲ್ಲಿ ಚುಕ್ಕಿಗೆ ನೋಡ್ ಅಂತಾರೆ, ಗೆರೆಗೆ ಎಡ್ಜ್ ಅಂತಾರೆ, ಎರಡೂ ಸೇರಿದ್ರೆ ನೆಟ್‌ವರ್ಕ್, ಅಂದ್ರೆ ಜಾಲ, ಇವತ್ತಿಗೆ ಇಷ್ಟೇ ಥಿಯರಿ ಅಂತ ಹೇಳ್ಬಿಡಿ. ಇಡೀ ಕೋರ್ಸಲ್ಲಿ ನೀವು ಮತ್ತೆ ಮತ್ತೆ ಕೇಳ್ಬೇಕಾಗಿರೋ ಪ್ರಶ್ನೆ ಒಂದೇ: ಇಲ್ಲಿ ಗೆರೆ ಅಂದ್ರೆ ಏನು? ಇದಕ್ಕೆ ಉತ್ತರ ಗಣಿತದಲ್ಲಿ ಇಲ್ಲ, ಆಯಾ ವಿಷಯ ಗೊತ್ತಿರೋರ ಹತ್ರ ಇದೆ. ಹಾಗಾಗಿ ಕೋಡ್ ಬರದೇ ಇರೋ ಸೋಷಿಯಾಲಜಿಯವ್ರೂ, ಸೋಷಿಯಾಲಜಿ ಓದದೇ ಇರೋ ಕೋಡಿಂಗ್ ಹುಡುಗ್ರೂ ಮೊದಲ ದಿನನೇ ಒಂದೇ ಬೆಂಚಲ್ಲಿ ಕೂತು ಜಗಳ ಆಡೋಕೆ ಸಾಧ್ಯ ಆಗೋದು ಇಲ್ಲಿ ಮಾತ್ರ.

ರಂಗೋಲಿ ಆದ್ಮೇಲೆ ಟ್ರೈನಿಗೆ ಬನ್ನಿ. ಮೈಸೂರು ಲೈನಲ್ಲಿ ಏಳು ಸ್ಟೇಷನ್ ತಗೊಳ್ಳಿ: ಬೆಂಗಳೂರು, ಕೆಂಗೇರಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಮೈಸೂರು. ಮಧ್ಯೆ ಬೇರೆ ಸ್ಟೇಷನ್ ಇವೆ, ಲೆಕ್ಕಕ್ಕೆ ಏಳು ಸಾಕು. ಏಳು ಜನಕ್ಕೆ ಒಂದೊಂದು ಸ್ಟೇಷನ್ ಹೆಸರು ಬರೆದ ಕಾಗದ ಕೊಟ್ಟು ಸಾಲಾಗಿ ನಿಲ್ಸಿ, ಒಂದು ಉಂಡೆ ಟ್ವೈನ್ ದಾರ ಕೊಡಿ. ಮೊದಲ ರೂಲ್, ಹಳಿ ಮೇಲೆ ಅಕ್ಕಪಕ್ಕ ಇರೋ ಸ್ಟೇಷನ್‌ಗಳ ಮಧ್ಯೆ ದಾರ. ಆರು ದಾರ ಬರತ್ತೆ. ಬೆಂಗಳೂರಿಂದ ಮೈಸೂರಿಗೆ ಆರು ಹೆಜ್ಜೆ. ಈಗ ಚನ್ನಪಟ್ಟಣದವರನ್ನ ಪಕ್ಕಕ್ಕೆ ಸರಿಯೋಕೆ ಹೇಳಿ, ಲೈನ್ ಎರಡು ತುಂಡು. ಉಳಿದ ಆರು ಸ್ಟೇಷನ್‌ಗಳಲ್ಲಿ ಒಟ್ಟು 15 ಜೋಡಿ ಇವೆ, ಅದರಲ್ಲಿ 9 ಜೋಡಿಯ ದಾರಿ ಚನ್ನಪಟ್ಟಣದ ಮೂಲಕನೇ ಹೋಗ್ತಿತ್ತು ಅಂತ ಅವರ ಕೈಲೇ ಎಣಿಸ್ಸಿ.

ಆಮೇಲೆ ರೂಲ್ ಬದಲಾಯಿಸಿ. ಒಂದೇ ಟ್ರೈನ್ ಎರಡೂ ಕಡೆ ನಿಲ್ಲೋದಾದ್ರೆ ಆ ಎರಡು ಸ್ಟೇಷನ್ ಮಧ್ಯೆ ದಾರ. ಏಳೂ ಕಡೆ ನಿಲ್ಲೋ ಪ್ಯಾಸೆಂಜರ್ ಗಾಡಿ ಒಂದಿದೆ ಅಂದ್ಕೊಳ್ಳಿ, ಆಗ 21 ದಾರ ಬೇಕು, ರೂಮ್ ತುಂಬಾ ದಾರ ಆಗತ್ತೆ, ಜನ ನಗ್ತಾರೆ, ನಗ್ಲಿ. ಈಗ ಬೆಂಗಳೂರಿಂದ ಮೈಸೂರಿಗೆ ಒಂದೇ ಹೆಜ್ಜೆ, ಚನ್ನಪಟ್ಟಣದವರು ಸರಿದ್ರೆ ಯಾರಿಗೂ ಏನೂ ಆಗಲ್ಲ. ಊರು ಬದಲಾಗಿಲ್ಲ, ಹಳಿ ಬದಲಾಗಿಲ್ಲ, ಚನ್ನಪಟ್ಟಣ ಅತೀ ಮುಖ್ಯವಾದ ಸ್ಟೇಷನ್ ಆಗಿದ್ದು ಸೊನ್ನೆ ಆಗೋಯ್ತು, ನಾವು ಗೆರೆಯ ಅರ್ಥ ಬದಲಾಯಿಸಿದ್ವಿ ಅಷ್ಟೆ. ಹಾಗಾದ್ರೆ ಯಾವುದು ಸರಿ ಅಂತ ಕ್ಲಾಸ್ ಕೇಳತ್ತೆ, ಕೇಳ್ಲೇಬೇಕು. ಹಳಿ ರಿಪೇರಿ ಪ್ಲಾನ್ ಮಾಡೋರಿಗೆ ಮೊದಲನೇದು ಸರಿ, ಗಾಡಿ ಬದಲಾಯಿಸದೆ ಎಲ್ಲಿಗೆ ಹೋಗ್ಬೋದು ಅಂತ ನೋಡೋ ಪ್ರಯಾಣಿಕರಿಗೆ ಎರಡನೇದು. 2003ರಲ್ಲಿ ಭಾರತದ ರೈಲು ಜಾಲದ ಮೇಲೆ ಫಿಸಿಕ್ಸ್‌ನೋರು ಒಂದು ಪೇಪರ್ ಮಾಡಿದ್ರು, ಅದರಲ್ಲಿ ಅವರು ತಗೊಂಡಿದ್ದು ಈ ಎರಡನೇ ಅರ್ಥನ, ಅದಕ್ಕೇ ಇಷ್ಟು ದೊಡ್ಡ ದೇಶದ ರೈಲು ಜಾಲನೂ ಪುಟ್ಟದಾಗಿ, ಎರಡು ಮೂರು ಗಾಡಿ ಹತ್ತಿದ್ರೆ ಎಲ್ಲಿಗೆ ಬೇಕಾದ್ರೂ ಹೋಗೋ ಹಾಗೆ ಕಾಣತ್ತೆ. ಈ ಆಟಕ್ಕೆ 40 ನಿಮಿಷ ಇಟ್ಕೊಳ್ಳಿ, ಅವಸರ ಮಾಡ್ಬೇಡಿ. ಕೋರ್ಸ್ ಮುಗಿದ್ಮೇಲೆ ಜನ ನೆನಪಿಟ್ಕೊಳೋದು ಈ ದಾರನೇ.

ಮೊದಲ ದಿನದ ಮನೆಕೆಲಸ ನಾಲ್ಕು ಬಣ್ಣದ ಸ್ಕೆಚ್ ಪೆನ್. ಮಧ್ಯೆ ನಿಮ್ಮ ಮನೆ ಬರೀರಿ, ಸಕ್ಕರೆನೋ ಹೆಪ್ಪಿಗೆ ಮೊಸರೋ ಮುಗಿದ್ರೆ ಯಾರ ಮನೆಗೆ ಹೋಗ್ತೀರ ಅವರಿಗೆ ಹಸಿರು ಗೆರೆ, ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಓಡ್ಬೇಕಾದ್ರೆ ಯಾರಿಗೆ ಫೋನ್ ಮಾಡ್ತೀರ ಅವರಿಗೆ ಕೆಂಪು, ಐದು ಸಾವಿರ ಕೈಸಾಲ ಬೇಕಾದ್ರೆ ನೀಲಿ, ಕೆಲಸ ಹುಡುಕ್ತಿದ್ರೆ ಯಾರನ್ನ ಕೇಳ್ತೀರ ಅವರಿಗೆ ಕಪ್ಪು. ಮಾರನೇ ದಿನ ಹಾಳೆ ತಂದಾಗ ನೋಡಿ, ನಾಲ್ಕೂ ಬಣ್ಣ ಒಬ್ಬರಿಗೇ ಹೋಗಿರೋದು ತೀರಾ ಅಪರೂಪ. ಅದರಲ್ಲೂ ಕಪ್ಪು ಗೆರೆ ಬೇರೆ ಯಾವ ಗೆರೆನೂ ಇಲ್ಲದೇ ಇರೋರ ಕಡೆಗೆ ಹೋಗಿರತ್ತೆ, ಹಳೇ ಕ್ಲಾಸ್‌ಮೇಟು, ಯಾವ್ದೋ ಮದುವೇಲಿ ಸಿಕ್ಕೋರು, ಅಣ್ಣನ ಫ್ರೆಂಡಿನ ಮ್ಯಾನೇಜರು. ಇದನ್ನ ನೋಡಿದ್ಮೇಲೆ ಸೋಷಿಯಾಲಜಿಯ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದಿದ್ದು ಹೇಳಿ: ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನ ಕೇಳ್ದಾಗ, ಸುದ್ದಿ ಕೊಟ್ಟವರನ್ನ ಪದೇ ಪದೇ ನೋಡ್ತಿದ್ದೋರು ಬರೀ 16.7%, ಒಮ್ಮೊಮ್ಮೆ ನೋಡ್ತಿದ್ದೋರು 55.6%, ಅಪರೂಪಕ್ಕೆ ನೋಡ್ತಿದ್ದೋರು 27.8%. ಹತ್ತಿರದವರಿಗೆ ಗೊತ್ತಿರೋದು ನಮಗೂ ಗೊತ್ತಿರತ್ತೆ, ಹೊಸ ಸುದ್ದಿ ದೂರದವರಿಂದ ಬರತ್ತೆ. ಈ ಅಂಕಿನ ಮೊದಲೇ ಹೇಳ್ಬಿಟ್ರೆ ಅದು ನೋಟ್ಸ್, ಅವರ ಹಾಳೆ ನೋಡಿದ್ಮೇಲೆ ಹೇಳಿದ್ರೆ ಅದು ಅವರ ಮನೆ ವಿಷಯ.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬೇಕು. ಆ ಹಾಳೆಗಳನ್ನ ಗೋಡೆಗೆ ಅಂಟಿಸ್ಬೇಡಿ, ಹೆಸರು ಬರೆಸ್ಬೇಡಿ, "ನಮ್ಮ ಕ್ಲಾಸಲ್ಲಿ ನಿಮ್ಮ ಫ್ರೆಂಡ್ಸ್ ಯಾರು" ಅನ್ನೋ ಪ್ರಶ್ನೆ ಮಾತ್ರ ಯಾವತ್ತೂ ಕೇಳ್ಬೇಡಿ. ನಾನು ಒಂದು ಬ್ಯಾಚಲ್ಲಿ ಕೇಳಿದ್ದೆ, ಚೀಟಿ ಕಲೆಕ್ಟ್ ಮಾಡಿ ಬೋರ್ಡ್ ಮೇಲೆ ಎಲ್ಲರ ಮುಂದೆ ಜಾಲ ಬರೀತಾ ಹೋದೆ, ಕೊನೇಲಿ ಒಂದು ಚುಕ್ಕಿಗೆ ಒಂದೂ ಗೆರೆ ಇರ್ಲಿಲ್ಲ. ಆ ಹುಡುಗ ಮೂರನೇ ಬೆಂಚಲ್ಲಿ ಕೂತು ಬೋರ್ಡ್ ನೋಡ್ತಿದ್ದ. ನಾನು ಡಸ್ಟರ್ ತಗೊಂಡು ಅಳಿಸಿದೆ, ಆದ್ರೆ ಆಗ್ಲೇ ಎಲ್ರೂ ನೋಡಿಯಾಗಿತ್ತು, ಅವನು ಮುಂದಿನ ವಾರದಿಂದ ಬರ್ಲಿಲ್ಲ. ಪುಸ್ತಕದಲ್ಲಿ ಐಸೊಲೇಟೆಡ್ ನೋಡ್ ಅಂತ ಒಂದು ಪದ ಇರತ್ತೆ, ಕ್ಲಾಸಲ್ಲಿ ಅದು ಒಂದು ಮುಖ. ಅವತ್ತಿಂದ ಕ್ಲಾಸಿನೋರದ್ದೇ ಡೇಟಾ ಬೇಕಾದ್ರೆ ಯಾವ ಬಸ್ ರೂಟಲ್ಲಿ ಬರ್ತೀರ, ಯಾವ ಯಾವ ಭಾಷೆ ಮಾತಾಡ್ತೀರ, ಇಂಥವನ್ನ ಮಾತ್ರ ಕೇಳ್ತೀನಿ. ಒಂದೇ ಭಾಷೆ ಬರೋ ಇಬ್ಬರ ಮಧ್ಯೆ ಗೆರೆ, ಕನ್ನಡ ಅಂತೂ ಎಲ್ರಿಗೂ ಬರತ್ತೆ, ಯಾರೂ ಒಂಟಿ ಆಗಲ್ಲ.

ಮೂರನೇ ಕ್ಲಾಸಿಗೆ ನಮ್ಮ ಕರ್ನಾಟಕದ್ದೇ ಡೇಟಾ ತನ್ನಿ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಪ್ರಪಂಚದ ತುಂಬಾ ನೆಟ್‌ವರ್ಕ್ ಪಾಠ ಮಾಡೋರು ಬಳಸೋ ಒಂದು ಡೇಟಾ ಸೆಟ್ ದಕ್ಷಿಣ ಕರ್ನಾಟಕದ 75 ಹಳ್ಳಿಗಳದ್ದು. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೋ, ಮ್ಯಾಥ್ಯೂ ಜಾಕ್ಸನ್ ನಾಲ್ಕೂ ಜನ ಸೇರಿ 2013ರಲ್ಲಿ ಇದರ ಮೇಲೆ ಪೇಪರ್ ಮಾಡಿದ್ರು, ಬ್ಯಾನರ್ಜಿ ಮತ್ತು ಡುಫ್ಲೋ ಅವ್ರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರೇ. ಹಳ್ಳಿ ಜನರನ್ನ 12 ಥರದ ಸಂಬಂಧ ಕೇಳಿದ್ರು: ನಿಮ್ಮ ಮನೆಗೆ ಯಾರು ಬರ್ತಾರೆ, ನೀವು ಯಾರ ಮನೆಗೆ ಹೋಗ್ತೀರ, ಅಕ್ಕಿನೋ ಸೀಮೆಎಣ್ಣೆನೋ ಯಾರ ಹತ್ರ ಇಸ್ಕೋತೀರ, ಯಾರಿಗೆ ಕೊಡ್ತೀರ, ದುಡ್ಡು ಯಾರ ಹತ್ರ ಕೇಳ್ತೀರ, ದೇವಸ್ಥಾನಕ್ಕೋ ಮಸೀದಿಗೋ ಚರ್ಚಿಗೋ ಯಾರ ಜೊತೆ ಹೋಗ್ತೀರ, ಹೀಗೆ. ಹಿಂದಿನ ದಿನ ನಾಲ್ಕು ಸ್ಕೆಚ್ ಪೆನ್ ಹಿಡಿದಿದ್ದೋರಿಗೆ ಇದು 12 ಪೆನ್ ಅಂತ ತಕ್ಷಣ ಅರ್ಥ ಆಗತ್ತೆ.

ಆ ಹಳ್ಳಿಗಳಲ್ಲಿ 43ಕ್ಕೆ ಒಂದು ಮೈಕ್ರೋಫೈನಾನ್ಸ್ ಸಂಸ್ಥೆ ಬಂತು. ಬಂದವರು ಊರಲ್ಲಿ ಮೊದಲು ಹೇಳಿದ್ದು ಟೀಚರ್, ಅಂಗಡಿಯವರು, ಸ್ವಸಹಾಯ ಸಂಘದ ಮುಂದಾಳುಗಳಿಗೆ. ಅವರಿಂದ ಸುದ್ದಿ ಊರಿಗೆ ಹಬ್ಬಬೇಕು. ಮೊದಲು ಹೇಳಿಸ್ಕೊಂಡೋರು ಜಾಲದಲ್ಲಿ ಎಷ್ಟು ಕೇಂದ್ರದಲ್ಲಿ ಇದ್ರೋ ಆ ಊರಲ್ಲಿ ಅಷ್ಟು ಜಾಸ್ತಿ ಜನ ಸೇರಿದ್ರು ಅನ್ನೋದು ಅವರಿಗೆ ಸಿಕ್ಕಿದ್ದು. ಕೇಂದ್ರದಲ್ಲಿ ಇರೋದು ಅಂದ್ರೆ ಬರೀ ಪರಿಚಯದವರ ಸಂಖ್ಯೆ ಅಲ್ಲ, ಆ ಪರಿಚಯದವರಿಗೆ ಎಷ್ಟು ಪರಿಚಯ ಇದೆ ಅನ್ನೋದೂ ಸೇರತ್ತೆ, ಇದನ್ನ ಅಲ್ಲೇ ನಿಧಾನಕ್ಕೆ ಹೇಳಿ. ಇನ್ನೊಂದು, ಸಾಲ ತಗೊಳ್ಳದೇ ಇದ್ದೋರೂ ಸುದ್ದಿ ಹಬ್ಬಿಸಿದ್ರು, ಒಟ್ಟು ಹಬ್ಬಿದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ಅವರಿಂದ. ನನಗೆ ಬೇಡ, ನೀನು ಬೇಕಾದ್ರೆ ನೋಡು ಅಂತ ಹೇಳೋರು ಪ್ರತಿ ಊರಲ್ಲೂ ಇರ್ತಾರಲ್ಲ. ಬ್ಯಾಂಕಿನೋರು ಈ ಜಾಗದಲ್ಲಿ ತಾವಾಗೇ ಮಾತಾಡೋಕೆ ಶುರು ಮಾಡ್ತಾರೆ, ಬಿಡಿ ಮಾತಾಡ್ಲಿ, ಆ ಅರ್ಧ ಗಂಟೆ ಅವರೇ ಮೇಷ್ಟ್ರು.

ಅದೇ ತಂಡದ ಮುಂದಿನ ಕೆಲಸ ಇನ್ನೂ ಚೆನ್ನಾಗಿದೆ. ಇಷ್ಟೆಲ್ಲ ಸರ್ವೆ ಮಾಡದೆ, ಊರಲ್ಲಿ ಒಂದು ವಿಷಯ ಎಲ್ರಿಗೂ ತಲುಪ್ಬೇಕಾದ್ರೆ ಯಾರಿಗೆ ಹೇಳ್ಬೇಕು ಅಂತ ಜನರನ್ನೇ ಕೇಳಿದ್ರೆ ಹೇಗೆ? ಕೇಳಿದ್ರು. ಜನ ಹೇಳಿದ ಹೆಸರು ನಿಜಕ್ಕೂ ಜಾಲದ ಕೇಂದ್ರದಲ್ಲಿ ಇರೋರದ್ದೇ. ಆಮೇಲೆ ಕರ್ನಾಟಕದ 213 ಹಳ್ಳಿಗಳಲ್ಲಿ ಪ್ರಯೋಗ ಮಾಡಿದ್ರು, ಮಿಸ್ಡ್ ಕಾಲ್ ಕೊಟ್ರೆ ಫೋನೋ ದುಡ್ಡೋ ಬಹುಮಾನ ಸಿಗ್ಬೋದು ಅನ್ನೋ ಸುದ್ದಿನ ಕೆಲವು ಊರಲ್ಲಿ ಯಾರೋ ಸಿಕ್ಕವರಿಗೆ, ಕೆಲವು ಊರಲ್ಲಿ ಹಿರಿಯರಿಗೆ, ಇನ್ನು ಕೆಲವು ಊರಲ್ಲಿ ಜನರೇ ಹೆಸರಿಸಿದ "ಊರ ಸುದ್ದಿ" ಜನಕ್ಕೆ ಹೇಳಿದ್ರು. ಕೊನೇದಕ್ಕೇ ಜಾಸ್ತಿ ಮಿಸ್ಡ್ ಕಾಲ್ ಬಂತು, ಹಿರಿಯರಿಗಿಂತಲೂ. ನಮ್ಮಜ್ಜಿಗೆ ಇದನ್ನ ಹೇಳಿದ್ರೆ ಇದರಲ್ಲೇನಿದೆ ವಿಶೇಷ ಅಂತಿದ್ರು. ಆದ್ರೆ ಇಂಜಿನಿಯರಿಂಗ್ ಹುಡುಗರಿಗೆ ಇದು ದೊಡ್ಡ ಪಾಠ, ಲಕ್ಷಗಟ್ಟಲೆ ಸಾಲು ಡೇಟಾದಿಂದ ಲೆಕ್ಕ ಹಾಕ್ಬೇಕಾಗಿದ್ದನ್ನ ಕೆಲವು ಸಲ ಒಂದು ಒಳ್ಳೇ ಪ್ರಶ್ನೆ ಕೇಳಿ ತಿಳ್ಕೋಬೋದು.

ಇಷ್ಟಾದ್ಮೇಲೆ ಅಳತೆಗಳಿಗೆ ಬನ್ನಿ, ಎಲ್ಲಾನೂ ಮೊದಲು ಕೈಯಲ್ಲೇ ಮಾಡ್ಸಿ. ಡಿಗ್ರಿ ಅಂದ್ರೆ ಗೆರೆ ಎಣಿಸೋದು, ಹತ್ತು ನಿಮಿಷದಲ್ಲಿ ಮುಗಿಯತ್ತೆ. ಬಿಟ್ವೀನ್‌ನೆಸ್ ಅಂದ್ರೆ ಚನ್ನಪಟ್ಟಣದ 15ರಲ್ಲಿ 9, ಆಗ್ಲೇ ಮಾಡಿದೀವಿ, ಹೆಸರು ಇವತ್ತು ಕೊಟ್ವಿ ಅಷ್ಟೆ. ಹಿಸ್ಟರಿ ಓದಿರೋರು ಇದ್ರೆ 15ನೇ ಶತಮಾನದ ಇಟಲಿಯ ಫ್ಲಾರೆನ್ಸ್ ಊರಿನ ಮನೆತನಗಳ ಮದುವೆ ಜಾಲ ಕೊಡಿ, ಬಳಗದಲ್ಲಿ 15 ಮನೆ, 20 ಬೀಗತನ, ಒಂದು ಹಾಳೇಲಿ ಹಿಡಿಯತ್ತೆ. ಮೆಡಿಚಿ ಮನೆಗೆ 6 ಬೀಗರು, ಅವರ ಎದುರಾಳಿ ಸ್ಟ್ರೋಜಿ ಮನೆಗೆ 4, ಇಷ್ಟು ನೋಡಿದ್ರೆ ಅಂಥಾ ವ್ಯತ್ಯಾಸ ಇಲ್ಲ. ಬೇರೆ ಮನೆಗಳ ಮಧ್ಯದ ದಾರಿ ಎಷ್ಟು ಇವರ ಬಾಗಿಲ ಮುಂದೆ ಹೋಗತ್ತೆ ಅಂತ ಲೆಕ್ಕ ಹಾಕಿದ್ರೆ ಮೆಡಿಚಿದು ಸ್ಟ್ರೋಜಿಗಿಂತ ಸುಮಾರು 5 ಪಟ್ಟು. ಯಾರ ಮನೆಗೆ ಹೆಣ್ಣು ಕೊಟ್ರು ಯಾರ ಮನೆಯಿಂದ ತಂದ್ರು ಅನ್ನೋದ್ರಲ್ಲೇ ರಾಜಕೀಯ ಇರತ್ತೆ ಅಂತ ನಮ್ಮೋರಿಗೆ ಬಿಡಿಸಿ ಹೇಳ್ಬೇಕಿಲ್ಲ.

ನಿಮ್ಮ ಸ್ನೇಹಿತರಿಗೆ ನಿಮಗಿಂತ ಜಾಸ್ತಿ ಸ್ನೇಹಿತರು ಇರ್ತಾರೆ ಅನ್ನೋ ಮಾತಿದೆ, ಸ್ಕಾಟ್ ಫೆಲ್ಡ್ 1991ರಲ್ಲಿ ತೋರಿಸಿದ್ದು. ಕೇಳಿದ್ರೆ ಯಾರೂ ನಂಬಲ್ಲ, ಐದೇ ಚುಕ್ಕಿ ಸಾಕು. ಮಧ್ಯೆ ಒಬ್ರು, ಅವರಿಗೆ ನಾಲ್ಕು ಜನ ಪರಿಚಯ, ಆ ನಾಲ್ಕು ಜನಕ್ಕೆ ಪರಸ್ಪರ ಪರಿಚಯ ಇಲ್ಲ. ಸರಾಸರಿ ಸ್ನೇಹಿತರು ಎಷ್ಟು? ನಾಲ್ಕು ಪ್ಲಸ್ ಒಂದೊಂದ್ರಂತೆ ನಾಲ್ಕು, ಎಂಟು, ಭಾಗಿಸು ಐದು, 1.6. ಈಗ ಪ್ರತಿಯೊಬ್ಬರ ಸ್ನೇಹಿತರಿಗೆ ಸರಾಸರಿ ಎಷ್ಟು ಸ್ನೇಹಿತರು? ಹೊರಗಿನ ನಾಲ್ಕೂ ಜನರ ಸ್ನೇಹಿತನಿಗೆ 4, ಮಧ್ಯದವನ ಸ್ನೇಹಿತರಿಗೆ 1, ಒಟ್ಟು 17, ಭಾಗಿಸು ಐದು, 3.4. ಬೋರ್ಡ್ ಮೇಲೆ ಎರಡು ನಿಮಿಷದ ಲೆಕ್ಕ. ಬಯಾಲಜಿಯವರು ತಕ್ಷಣ ಹಿಡಿತಾರೆ, ಲಸಿಕೆ ಕಮ್ಮಿ ಇದ್ದಾಗ ಯಾರೋ ಸಿಕ್ಕವರಿಗೆ ಕೊಡೋ ಬದಲು ಅವರು ಹೇಳಿದ ಒಬ್ಬ ಪರಿಚಯದವರಿಗೆ ಕೊಟ್ರೆ ಜಾಸ್ತಿ ಉಪಯೋಗ ಅಂತ ಅವರೇ ಹೇಳ್ಬಿಡ್ತಾರೆ.

ಪದಗಳ ಜಗಳ ಬಗ್ಗೆ ಸ್ವಲ್ಪ. ಒಂದೇ ವಸ್ತುವಿಗೆ ಗಣಿತದವರು ವರ್ಟೆಕ್ಸ್ ಅಂತಾರೆ, ಕಂಪ್ಯೂಟರ್‌ನೋರು ನೋಡ್, ಸೋಷಿಯಾಲಜಿಯವ್ರು ಆಕ್ಟರ್. ಇದು ತೊಂದರೆ ಅಲ್ಲ, ಗೋಡೆ ಮೇಲೆ ಒಂದು ಚಾರ್ಟ್ ಪೇಪರ್ ಅಂಟಿಸಿ ಬರೀತಾ ಹೋದ್ರೆ ಸಾಕು. ತೊಂದರೆ ಇರೋದು ಒಂದೇ ಪದಕ್ಕೆ ಎರಡು ಅರ್ಥ ಇದ್ದಾಗ. ಕಮ್ಯುನಿಟಿ ಅಂದ್ರೆ ಸಾಫ್ಟ್‌ವೇರ್‌ಗೆ ಒಳಗೊಳಗೇ ಜಾಸ್ತಿ ಗೆರೆ ಇರೋ ಚುಕ್ಕಿಗಳ ಗುಂಪು, ನಮ್ಮ ಊರಲ್ಲಿ ಆ ಪದ ಕೇಳಿದ್ರೆ ಜಾತಿ ಅಂತಾನೇ ಅರ್ಥ ಮಾಡ್ಕೋತಾರೆ, ಒಂದು ಸಲ ಇಡೀ ಒಂದು ಗಂಟೆ ಇಬ್ರು ಇದನ್ನ ಬೇರೆ ಬೇರೆ ಅರ್ಥದಲ್ಲಿ ಇಟ್ಕೊಂಡು ವಾದ ಮಾಡಿದ್ರು, ಇಬ್ರೂ ಸರಿಯಾಗೇ ಮಾತಾಡ್ತಿದ್ರು. ಬಯಾಲಜಿಯಲ್ಲಿ ಎರಡು ಪ್ರೋಟೀನ್ ಮಧ್ಯೆ ಗೆರೆ ಇಲ್ಲ ಅಂದ್ರೆ ಸಂಬಂಧ ಇಲ್ಲ ಅಂತಲ್ಲ, ಇನ್ನೂ ಯಾರೂ ಟೆಸ್ಟ್ ಮಾಡಿಲ್ಲ ಅಂತಲೂ ಇರ್ಬೋದು. ಫೇಸ್‌ಬುಕ್‌ನಲ್ಲಿ ಗೆರೆ ಇಲ್ಲ ಅಂದ್ರೆ ಫ್ರೆಂಡ್ ಅಲ್ಲ ಅಂತಷ್ಟೆ. ಗೆರೆ ಇಲ್ಲದಿರೋದಕ್ಕೆ ಏನು ಅರ್ಥ ಅಂತ ಪ್ರತಿ ಡೇಟಾಗೂ ಬರೆಸಿ.

ಟೂಲ್ಸ್. ಪೇಪರ್, ಆಮೇಲೆ ಎಕ್ಸೆಲ್‌ನಲ್ಲಿ ಎರಡು ಕಾಲಂ, ಎಲ್ಲಿಂದ, ಎಲ್ಲಿಗೆ, ಅಷ್ಟೆ, ಇದೇ ಎಡ್ಜ್ ಲಿಸ್ಟ್. ಆಮೇಲೆ ಗೆಫಿ, ಜಾಲದ ಚಿತ್ರ ಬರೆಯೋ ಫ್ರೀ ಸಾಫ್ಟ್‌ವೇರ್, ಕೋಡ್ ಬೇಡ. ಬಯಾಲಜಿಯವರಿಗೆ ಸೈಟೋಸ್ಕೇಪ್ ಆದ್ರೂ ಸರಿ. ಕೊನೆಗೆ ಪೈಥಾನ್‌ನ ನೆಟ್‌ವರ್ಕ್‌ಎಕ್ಸ್, ಅದೂ ಗೂಗಲ್ ಕೊಲ್ಯಾಬ್‌ನಲ್ಲಿ, ಬ್ರೌಸರಲ್ಲೇ ಓಡತ್ತೆ, ಇನ್‌ಸ್ಟಾಲ್ ತಲೆನೋವು ಇಲ್ಲ. ಈ ಆರ್ಡರ್ ಬದಲಾಯಿಸ್ಬೇಡಿ.

ಗೆಫಿ ತೆಗೆದ ತಕ್ಷಣ ಒಂದು ಅಪಾಯ ಇದೆ, ಚಿತ್ರ ತುಂಬಾ ಚಂದ ಬರತ್ತೆ. ಸಾವಿರ ಚುಕ್ಕಿ ಹಾಕಿದ್ರೆ ಕೂದಲ ಉಂಡೆ ಥರ ಒಂದು ಬಣ್ಣದ ಮುದ್ದೆ, ಅದನ್ನ ಸ್ಲೈಡಲ್ಲಿ ಹಾಕಿ ನೋಡಿ ಎಷ್ಟು ಕಾಂಪ್ಲೆಕ್ಸ್ ಅಂತಾರೆ. ಅದರಿಂದ ಏನೂ ತಿಳಿಯಲ್ಲ. ಇನ್ನೊಂದು, ಮಧ್ಯೆ ಕಾಣೋ ಚುಕ್ಕಿನೇ ಮುಖ್ಯ, ಮೇಲೆ ಇರೋದು ದೊಡ್ಡದು ಅಂತ ಕಣ್ಣು ತಾನಾಗೇ ಓದ್ಬಿಡತ್ತೆ. ಅದಕ್ಕೆ ಒಂದೇ ಫೈಲನ್ನ ಮೂರು ಲೇಔಟಲ್ಲಿ, ಅಂದ್ರೆ ಚುಕ್ಕಿಗಳನ್ನ ಮೂರು ಥರ ಜೋಡಿಸಿ, ಮೂರು ಪ್ರಿಂಟ್ ತೆಗೆದು ಇದು ಮೂರು ಬೇರೆ ಊರಿನ ಡೇಟಾ, ವ್ಯತ್ಯಾಸ ಹೇಳಿ ಅಂತ ಕೊಡಿ. ಹತ್ತು ನಿಮಿಷ ಚೆನ್ನಾಗಿ ವ್ಯತ್ಯಾಸ ಹೇಳ್ತಾರೆ. ಆಮೇಲೆ ಮೂರೂ ಒಂದೇ ಅಂತ ಹೇಳಿ. ಆ ದಿನದಿಂದ ಯಾರೂ ಚಿತ್ರ ಒಂದನ್ನೇ ನಂಬಲ್ಲ.

ಗುಂಪು ಹುಡುಕೋ ಅಲ್ಗಾರಿದಮ್ ಕಲಿಸೋಕೆ ಎಲ್ರೂ ಬಳಸೋದು ಜಕರಿಯ ಅನ್ನೋ ಸಂಶೋಧಕರು ಹತ್ತಿರದಿಂದ ನೋಡಿ ಬರೆದ ಕರಾಟೆ ಕ್ಲಬ್, 1977ರ ಪೇಪರ್, 34 ಜನ, 78 ಗೆರೆ. ಕ್ಲಬ್ಬಲ್ಲಿ ಕರಾಟೆ ಮಾಸ್ಟರ್‌ಗೂ ಕ್ಲಬ್ ನಡೆಸೋರಿಗೂ ಜಗಳ ಆಗಿ ಎರಡು ಹೋಳಾಯ್ತು. ಯಾರು ಯಾವ ಕಡೆ ಹೋದ್ರು ಅಂತ ಬರೀ ಗೆರೆ ನೋಡಿ ಹೇಳ್ಬೋದಾ? ಹೇಳ್ಬೋದು, ಜಕರಿಯ ಅವರ ಲೆಕ್ಕ ಒಬ್ಬರನ್ನ ಬಿಟ್ರೆ ಎಲ್ಲರ ವಿಷಯದಲ್ಲೂ ಸರಿ ಬಂತು. ಸುಮಾರು ಜನ ಪಾಠನ ಇಲ್ಲಿಗೇ ನಿಲ್ಲಿಸ್ತಾರೆ. ದಯವಿಟ್ಟು ನಿಲ್ಲಿಸ್ಬೇಡಿ, ಆ ತಪ್ಪಿದ ಒಬ್ಬ, 9ನೇ ನಂಬರ್, ಅವನ ಕಥೆ ಹೇಳಿ. ಅವನ ಗೆರೆಗಳು ನೋಡಿದ್ರೆ ಅವನು ಕ್ಲಬ್ ನಡೆಸೋರ ಕಡೆ ಇರ್ಬೇಕಿತ್ತು, ಆದ್ರೆ ಅವನ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಇನ್ನು ಮೂರೇ ವಾರ ಇತ್ತು, ಮಾಸ್ಟರ್‌ನ ಬಿಟ್ರೆ ವರ್ಷಗಳ ಶ್ರಮ ಹೋಗ್ತಿತ್ತು, ಅದಕ್ಕೆ ಮಾಸ್ಟರ್ ಜೊತೆ ಹೋದ. ಈ ವಿಷಯ ಯಾವ ಗೆರೇಲೂ ಇಲ್ಲ, ಹತ್ತಿರ ಕೂತು ಜನರನ್ನ ನೋಡಿದ್ದಕ್ಕೆ ಜಕರಿಯ ಅವರಿಗೆ ಗೊತ್ತಾಯ್ತು. ಕ್ಲಾಸಲ್ಲಿರೋ ಸೋಷಿಯಾಲಜಿಯವ್ರು ಈ ಕೋರ್ಸಿಗೆ ನಾವು ಯಾಕೆ ಬೇಕು ಅಂತ ಮನಸಲ್ಲೇ ಕೇಳ್ಕೊತಿರ್ತಾರಲ್ಲ, ಉತ್ತರ 9ನೇ ನಂಬರ್.

ಬಿಗ್ ಡೇಟಾನ ನಾನು ಅರ್ಧ ಕೋರ್ಸ್ ಮುಗಿಯೋವರೆಗೂ ಬಾಯಿ ಬಿಡಲ್ಲ. ಎಷ್ಟು ದೊಡ್ಡದಾದ್ರೆ ಬಿಗ್ ಅಂತ ಕೇಳ್ತಾರೆ, ನಿಮ್ಮ ಕೈಲಿರೋ ಟೂಲ್ ಕೈ ಕೊಡೋ ಜಾಗದಿಂದ ಬಿಗ್ ಅಂತೀನಿ. ಎಕ್ಸೆಲ್ ಶೀಟಲ್ಲಿ 10,48,576 ಸಾಲು, ಅಲ್ಲಿಗೆ ಮುಗೀತು. ಹಳೇ ಎಕ್ಸೆಲ್ ಫಾರ್ಮ್ಯಾಟಲ್ಲಿ 65,536 ಮಾತ್ರ. 2020ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಲ್ಲಿ ಇಂಗ್ಲೆಂಡ್‌ನಲ್ಲಿ ಇದೇ ಹಳೇ ಫಾರ್ಮ್ಯಾಟ್‌ನಿಂದ 15,841 ಕೋವಿಡ್ ಪಾಸಿಟಿವ್ ಕೇಸ್ ಲೆಕ್ಕಕ್ಕೇ ಬರದೆ ಬಿಟ್ಟೋಯ್ತು. ಪಾಸಿಟಿವ್ ಬಂದೋರಿಗೆ ರಿಸಲ್ಟ್ ಸಿಕ್ತು, ಆದ್ರೆ ಅವರು ಯಾರನ್ನ ಭೇಟಿ ಆಗಿದ್ರು ಅಂತ ಹುಡುಕೋದು ತಡ ಆಯ್ತು. ಚುಕ್ಕಿ ಕಳೆದ್ರೆ ಅದರ ಗೆರೆಗಳೂ ಕಳೆಯತ್ತೆ, ಆ ಗೆರೆ ತುದೀಲಿ ಜನ ಇದ್ರು.

ಆಮೇಲೆ ಈ ಲೆಕ್ಕ ಬೋರ್ಡ್ ಮೇಲೆ ಮಾಡಿ. ಒಂದು ಲಕ್ಷ ಜನರ ಜಾಲವನ್ನ ಮ್ಯಾಟ್ರಿಕ್ಸ್ ಥರ, ಅಂದ್ರೆ ಅಡ್ಡಕ್ಕೂ ಉದ್ದಕ್ಕೂ ಎಲ್ಲರ ಹೆಸರಿರೋ ಚೌಕದ ಟೇಬಲ್ ಥರ ಇಟ್ರೆ ಲಕ್ಷ ಇಂಟು ಲಕ್ಷ, 1000 ಕೋಟಿ ಖಾನೆ, ಖಾನೆಗೆ ಒಂದು ಬೈಟ್ ಅಂದ್ರೂ 10 ಜಿಬಿ, ನಮ್ಮ ಲ್ಯಾಪ್‌ಟಾಪ್ ಮಲಗತ್ತೆ. ಒಬ್ಬೊಬ್ಬರಿಗೆ ಸರಾಸರಿ ಹತ್ತು ಪರಿಚಯ ಇದ್ರೆ ನಿಜವಾದ ಗೆರೆ ಎಷ್ಟು? ಹತ್ತು ಲಕ್ಷ, ಪ್ರತಿ ಗೆರೆಗೂ ಎರಡು ತುದಿ ಅಂತ ಅರ್ಧ ಮಾಡಿ, 5 ಲಕ್ಷ. ಎಡ್ಜ್ ಲಿಸ್ಟಲ್ಲಿ 5 ಲಕ್ಷ ಸಾಲು, ಕೆಲವೇ ಎಂಬಿ, ಎಕ್ಸೆಲ್‌ಗೂ ಹಿಡಿಯತ್ತೆ. ಇಲ್ಲದೇ ಇರೋ ಸಂಬಂಧಗಳನ್ನ ಬರ್ಕೊಂಡು ಕೂತಿದ್ದಕ್ಕೆ ಮೆಮೊರಿ ಸಾಲದೇ ಹೋಗಿದ್ದು. ಸ್ಪಾರ್ಸ್, ಅಂದ್ರೆ ಇರ್ಬೋದಾದ ಗೆರೆಗಳಲ್ಲಿ ಕೆಲವೇ ಕೆಲವು ಇರೋ ಜಾಲ, ಅನ್ನೋ ಪದನ ನಾನು ಇಲ್ಲಿ ಪರಿಚಯ ಮಾಡ್ಸೋದು, ಕನ್ನಡ ಎಂಎ ಹುಡುಗಿಗೂ ಒಂದೇ ಸಲಕ್ಕೆ ಅರ್ಥ ಆಯ್ತು.

ಸರ್ವೆ ಮಾಡಿ ಅಭ್ಯಾಸ ಇರೋರು, ಎಕನಾಮಿಕ್ಸ್, ಸೋಷಿಯಲ್ ವರ್ಕ್‌ನೋರು, ಒಂದು ಜಾಗದಲ್ಲಿ ಖಂಡಿತ ಜಾರ್ತಾರೆ. ಅಷ್ಟು ದೊಡ್ಡ ಡೇಟಾ ಯಾಕೆ, ಹತ್ತು ಪರ್ಸೆಂಟ್ ಸ್ಯಾಂಪಲ್ ತಗೊಂಡ್ರೆ ಆಗಲ್ವಾ ಅಂತ ಕೇಳ್ತಾರೆ. ಒಳ್ಳೇ ಪ್ರಶ್ನೆ. ಸಾವಿರ ಜನ, 5000 ಗೆರೆ ಇರೋ ಜಾಲದಿಂದ ಲಾಟರಿ ಹಾಕಿ ನೂರು ಜನರನ್ನ ಆರಿಸಿ. ಒಂದು ಗೆರೆ ಉಳೀಬೇಕಾದ್ರೆ ಅದರ ಎರಡೂ ತುದಿ ಸ್ಯಾಂಪಲ್ ಒಳಗೆ ಬರ್ಬೇಕು, ಹತ್ತರಲ್ಲಿ ಒಂದರ ಹತ್ತರಲ್ಲಿ ಒಂದು. ಹತ್ತು ಪರ್ಸೆಂಟ್ ಜನ ಬಂದ್ರೂ ಗೆರೆ ಬರೋದು ಒಂದೇ ಪರ್ಸೆಂಟ್, 5000ದಲ್ಲಿ ಸುಮಾರು 50. ಸರಾಸರಿ ಹತ್ತು ಪರಿಚಯ ಇದ್ದ ಊರು ಸರಾಸರಿ ಒಂದೇ ಪರಿಚಯ ಇರೋ ಊರಾಗಿ ಕಾಣತ್ತೆ. ಸರಾಸರಿ ಆದಾಯ ಕೇಳೋಕೆ ಸ್ಯಾಂಪಲ್ ಸಾಕು, ಜಾಲಕ್ಕೆ ಸಾಲಲ್ಲ. 75 ಹಳ್ಳಿಗಳಲ್ಲಿ ಅಷ್ಟು ಕಷ್ಟ ಬಿದ್ದು ಯಾಕೆ ಸರ್ವೆ ಮಾಡಿದ್ರು ಅಂತ ಆಗ ಗೊತ್ತಾಗತ್ತೆ.

ಹಾಗಂತ ದೊಡ್ಡದಾದ್ರೆ ಸರಿ ಅಂತಲ್ಲ. 2008ರಲ್ಲಿ ಗೂಗಲ್ ಫ್ಲೂ ಟ್ರೆಂಡ್ಸ್ ಬಂತು, ಜನ ಏನು ಸರ್ಚ್ ಮಾಡ್ತಾರೆ ನೋಡಿ ಫ್ಲೂ ಎಷ್ಟಿದೆ ಅಂತ ಅಂದಾಜು ಮಾಡೋದು. 2012-13ರ ಚಳಿಗಾಲದಲ್ಲಿ ಅಮೆರಿಕದ ಸರ್ಕಾರಿ ಅಂಕಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ ತೋರಿಸ್ತು. ಸರ್ಚ್ ಮಾಡೋದಕ್ಕೂ ಜ್ವರ ಬರೋದಕ್ಕೂ ಮಧ್ಯೆ ಅವರು ಎಳೆದ ಗೆರೆ ಸಡಿಲ ಇತ್ತು, ಟಿವಿಲಿ ಫ್ಲೂ ಸುದ್ದಿ ಬಂದ್ರೂ ಜನ ಸರ್ಚ್ ಮಾಡ್ತಾರೆ. ಯುಪಿಐ ಇಟ್ಕೊಂಡು ಇದನ್ನ ನಮ್ಮ ಕಡೆಗೆ ತಿರುಗಿಸಿ, 2023ರ ಆಗಸ್ಟ್‌ನಲ್ಲಿ ಒಂದೇ ತಿಂಗಳಲ್ಲಿ ವಹಿವಾಟುಗಳ ಸಂಖ್ಯೆನೇ 1000 ಕೋಟಿ ದಾಟಿತ್ತು. ಬ್ಯಾಂಕಿನೋರನ್ನ ಕೇಳಿ, ಇದರಲ್ಲಿ ಗೆರೆ ಯಾವುದು? ನಾನು ತರಕಾರಿ ಅಮ್ಮನಿಗೆ ದಿನಾ 40 ರೂಪಾಯಿ ಹಾಕೋದೂ ಗೆರೆ, ತಮ್ಮನಿಗೆ ವರ್ಷಕ್ಕೊಂದ್ಸಲ 40,000 ಹಾಕೋದೂ ಗೆರೆ. ಎಷ್ಟು ಸಲ ಅಂತ ನೋಡ್ಬೇಕಾ, ಎಷ್ಟು ದುಡ್ಡು ಅಂತ ನೋಡ್ಬೇಕಾ, ದಿಕ್ಕು ಬೇಕಾ? ನನ್ನ ಮಗನ ಫೀಸನ್ನ ನನ್ನ ಹೆಂಡತಿ ಫೋನಿಂದ ಕಟ್ಟಿದ್ರೆ ಗೆರೆ ಯಾರದ್ದು? ಒಂದು ಪೂರ್ತಿ ಕ್ಲಾಸ್ ಇದಕ್ಕೇ ಹೋಗ್ಲಿ.

ಪ್ರೈವೆಸಿ ಬಗ್ಗೆ ಕೊನೇ ದಿನ ಐದು ನಿಮಿಷ ಹೇಳಿ ಮುಗಿಸ್ಬೇಡಿ, ಹೆಸರು ತೆಗೆದಿದೀವಿ ಸಾರ್ ಅಂತ ಯಾರಾದ್ರೂ ಹೇಳಿದ ದಿನನೇ ಹೇಳಿ. 2009ರಲ್ಲಿ ಅರವಿಂದ್ ನಾರಾಯಣನ್, ವಿಟಾಲಿ ಶ್ಮಾಟಿಕೊವ್ ತೋರಿಸಿದ್ರು, ಟ್ವಿಟ್ಟರ್ ಜಾಲದಿಂದ ಹೆಸರೆಲ್ಲ ಅಳಿಸಿ ಬರೀ ಚುಕ್ಕಿ ಗೆರೆ ಉಳಿಸಿದ್ರೂ, ಫ್ಲಿಕರ್ ಅನ್ನೋ ಫೋಟೋ ಸೈಟಿನ ಜಾಲದ ಆಕಾರದ ಪಕ್ಕ ಇಟ್ಟು ನೋಡಿ, ಎರಡೂ ಕಡೆ ಅಕೌಂಟ್ ಇದ್ದೋರಲ್ಲಿ ಮೂರನೇ ಒಂದು ಭಾಗ ಯಾರ್ಯಾರು ಅಂತ ಕಂಡುಹಿಡೀಬೋದಿತ್ತು, ತಪ್ಪು ಬರೀ 12%. ನಮ್ಮ ಗೆರೆಗಳ ಆಕಾರನೇ ನಮ್ಮ ಬೆರಳಚ್ಚು. ಹಳ್ಳೀಲಿ ಇದು ಇನ್ನೂ ಸುಲಭ, ಎಂಟು ಮನೆಗೆ ಸಾಲ ಕೊಟ್ಟಿರೋ ಚುಕ್ಕಿ ಯಾರದ್ದು ಅಂತ ಊರಿನೋರಿಗೆ ಹೆಸರು ಬೇಕಾಗೇ ಇಲ್ಲ.

ಸ್ಕೇಲ್ ಫ್ರೀ, ಅಂದ್ರೆ ಕೆಲವೇ ಚುಕ್ಕಿಗೆ ತುಂಬಾ ಗೆರೆ, ಉಳಿದ ಬಹುಪಾಲಿಗೆ ಒಂದೋ ಎರಡೋ ಗೆರೆ ಇರೋ ಜಾಲದ ಬಗ್ಗೆ ಇಂಜಿನಿಯರಿಂಗ್‌ನೋರು ಕೇಳೇ ಕೇಳ್ತಾರೆ. ಬರಾಬಾಸಿ, ಆಲ್ಬರ್ಟ್ 1999ರಲ್ಲಿ ಹೇಳಿದ್ದು, ಉಳ್ಳವರಿಗೇ ಇನ್ನಷ್ಟು ಸೇರತ್ತೆ ಅನ್ನೋ ಮಾದರಿ, ಕಲಿಸಿ, ಜೊತೆಗೇ ಬ್ರೊಯ್ಡೊ, ಕ್ಲಾಸೆಟ್ 2019ರಲ್ಲಿ ಸುಮಾರು ಸಾವಿರ ಜಾಲ ಪರೀಕ್ಷೆ ಮಾಡಿ ನಿಜವಾದ ಸ್ಕೇಲ್ ಫ್ರೀ ಜಾಲ ಅಪರೂಪ ಅಂದಿದ್ದೂ ಕಲಿಸಿ. ಇಷ್ಟು ಸಾಕು.

ಪ್ರಾಜೆಕ್ಟಿಗೆ ಮೂರು ಮೂರು ಜನ, ಮೂವರೂ ಬೇರೆ ಸಬ್ಜೆಕ್ಟ್. ಕೋಡ್ ಬರೋನಿಗೆ ಕೀಬೋರ್ಡ್ ಕೊಡ್ಬೇಡಿ, ಬರದೇ ಇರೋರು ಟೈಪ್ ಮಾಡ್ಲಿ, ಅವನು ಪಕ್ಕ ಕೂತು ಬಾಯಲ್ಲಿ ಹೇಳ್ಲಿ. ಮಾರ್ಕ್ಸ್ ನೂರರಲ್ಲಿ 40 ನಾನು ಮೊದಲ ಪುಟಕ್ಕೇ ಇಡ್ತೀನಿ, ಅದರಲ್ಲಿ ಬರೀ ಇಷ್ಟು ಇರ್ಬೇಕು: ಚುಕ್ಕಿ ಏನು, ಗೆರೆ ಏನು, ಗೆರೆ ಇಲ್ಲದಿದ್ರೆ ಏನರ್ಥ, ಗೆರೆಯ ಅರ್ಥ ಒಂದು ಸ್ವಲ್ಪ ಬದಲಾಯಿಸಿದ್ರೆ ಉತ್ತರದಲ್ಲಿ ಏನೇನು ಬದಲಾಯ್ತು. ಕೊನೇದನ್ನ ಮಾಡಿ ತೋರಿಸ್ಲೇಬೇಕು.

ಆ ಕನ್ನಡ ಎಂಎ ಹುಡುಗಿ ತಂಡದ್ದು ವಚನಗಳ ಜಾಲ, ಯಾವ ಶರಣರು ತಮ್ಮ ವಚನದಲ್ಲಿ ಬೇರೆ ಯಾವ ಶರಣರ ಹೆಸರು ಹೇಳ್ತಾರೆ ಅಂತ. ಹೇಳೋರಿಂದ ಹೇಳಿಸ್ಕೊಂಡೋರ ಕಡೆಗೆ ಬಾಣ. ಮೊದಲ ಸಲ ಎಲ್ಲಾ ಹೆಸರನ್ನೂ ಎಣಿಸಿದ್ರು, ಎರಡನೇ ಸಲ ಒಬ್ಬರ ವಚನದಲ್ಲಿ ಒಂದು ಹೆಸರು ಎಷ್ಟು ಸಲ ಬಂದ್ರೂ ಒಂದೇ ಗೆರೆ ಅಂತ ಮಾಡಿದ್ರು, ಸಾಲಿನ ಮುಂದಿದ್ದೋರು ಬದಲಾದ್ರು. ಅದರ ಮೇಲೆ ಬಯಾಲಜಿ ಲೆಕ್ಚರರ್ ಒಂದು ಪ್ರಶ್ನೆ ಎತ್ತಿದ್ರು, ಕೆಲವರ ವಚನ ಸಾವಿರಕ್ಕೂ ಜಾಸ್ತಿ ಸಿಕ್ಕಿದೆ, ಕೆಲವರದ್ದು ಒಂದೋ ಎರಡೋ, ಹಾಗಿರುವಾಗ ಗೆರೆ ಕಮ್ಮಿ ಇರೋದು ಅವರು ಹೇಳದೇ ಇದ್ದಿದ್ದಕ್ಕಾ, ನಮಗೆ ಸಿಗದೇ ಇದ್ದಿದ್ದಕ್ಕಾ, ನಮ್ಮ ಪ್ರೋಟೀನ್ ಥರನೇ ಅಲ್ವಾ ಇದು ಅಂತ. ಆ ಹುಡುಗಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ರಿಪೋರ್ಟಿನ ಮೊದಲ ಪುಟ ತೆಗೆದು ಮೂರನೇ ಸಾಲು ಹೊಡೆದುಹಾಕಿ ಮತ್ತೆ ಬರೆಯೋಕೆ ಶುರು ಮಾಡಿದ್ಳು.